ಗುಟ್ಟು ಹೇಳಿದ್ದಕ್ಕೊಂದು ಸನ್ಮಾನ

ಹೊಸ ಸನ್ಮಾನದ ಶಾಲಿಗೆ ಒಂದು ವಾಸನೆ ಇರುತ್ತದೆ. ಆಗಷ್ಟೇ ಪ್ಲಾಸ್ಟಿಕ್ ಕವರಿನಿಂದ ತೆಗೆದ, ಗಂಜಿ ಹಾಕಿದ ಬಟ್ಟೆಯ ವಾಸನೆ. ಹೋದ ತಿಂಗಳು ಹಿರಿಯೂರಿನಲ್ಲಿ ಅಂಥದ್ದೊಂದನ್ನು ನನ್ನ ಹೆಗಲಿಗೂ ಹೊದಿಸಿದರು. ಶಿಕ್ಷಕರಿಗೆ ತರಬೇತಿ ಇತ್ತು. ಮಗುವಿಗೆ ಮನೆಯಲ್ಲಿ ಹಿಂಸೆ ಆಗುತ್ತಿದೆ ಎಂದು ಅನುಮಾನ ಬಂದರೆ ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು, ಯಾರ ಕಿವಿಗೆ ಬೀಳಬಾರದು ಎಂಬ ವಿಷಯ. ನಿವೃತ್ತಳಾದ ಮೇಲೆ ಇಂಥ ಕಡೆಗೆ ಯಾರಾದರೂ ಕರೆದರೆ ಹೋಗಿ ಮಾತಾಡಿ ಬರುತ್ತೇನೆ. ಮಾತು ಮುಗಿಸಿ ಇನ್ನೂ ಕೂತಿರಲಿಲ್ಲ, ಹಿಂದಿನಿಂದ ಬಂದು ಹೊದಿಸಿಯೇಬಿಟ್ಟರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡಾಕ್ಟರು ನೆನಪಾದರು. ಮೈಯೆಲ್ಲ ಉರಿದುಹೋಯಿತು.

“ತೆಗೀರಿ ಇದನ್ನ” ಎಂದೆ. ಸಂಘಟಕರು ನಕ್ಕರು. ಅವರಲ್ಲೊಬ್ಬ, ನನ್ನ ಮಗನ ವಯಸ್ಸಿನವನು, ಕಿವಿಯ ಹತ್ತಿರ ಬಗ್ಗಿ, “ಮೇಡಂ, ನಿಮ್ ಸರ್ವೀಸ್‌ನಾಗೆ ಅಂಥ ಹುಡುಗೀರು ಯಾರಾರ ಇದ್ರೆ ಮುಂದಿನ್ಸಲ ಕರ್ಕಂಬರ್ರಿ. ಸ್ಟೇಜ್ ಮ್ಯಾಲೆ ಕುಂಡ್ರಿಸಿ ಅವ್ರಿಗೂ ಒಂದು ಸನ್ಮಾನ ಮಾಡಾಣ. ಬಾಳ ಎಫೆಕ್ಟ್ ಇರ್ತೈತೆ” ಎಂದ. ದೇವರೇ! ಬೆಳಗಿನಿಂದ ಗಂಟಲು ಹರಿದುಕೊಂಡು ನಾನು ಹೇಳಿದ್ದಾದರೂ ಏನು? ಇವನು ಕೇಳಿಸಿಕೊಂಡದ್ದಾದರೂ ಏನು? ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೋಣವಾದರೂ ಮೇಲು, ಶಾಲು ಹಿಡಿದುಕೊಂಡು ಬರುವುದಿಲ್ಲ.

ಡಾಕ್ಟರು ಇದ್ದದ್ದು ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡು ಕಡೆಯ ಒಂದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಅವರು ದುರ್ಗದವರು, ಅಂದರೆ ಚಿತ್ರದುರ್ಗದವರು, ತಲೆಮಾರುಗಳಿಂದ ಅಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದ ಮುಸ್ಲಿಂ ಮನೆತನ. ಅಣ್ಣತಮ್ಮಂದಿರೆಲ್ಲ ಅಂಗಡಿಯಲ್ಲಿ ಕೂತರೆ ಇವರೊಬ್ಬರು ಓದಿ ಡಾಕ್ಟರಾಗಿದ್ದರು. ಆದರೂ ಕಣ್ಣು ಮಾತ್ರ ಅಂಗಡಿಯದೇ. ನಾನು ಹೊಸ ಸೀರೆ ಉಟ್ಟು ಆಸ್ಪತ್ರೆಯ ಮುಂದೆ ಹಾದರೆ, “ಬಣ್ಣ ಬಿಡ್ತೈತೆ ಮೇಡಂ ಅದು, ಮೊದ್ಲು ಉಪ್ಪುನೀರಾಗೆ ನೆನೆಸ್ರಿ” ಎಂದು ಕಿಟಕಿಯಿಂದಲೇ ಕೂಗುವರು. ಸೀರೆಯ ಗುಟ್ಟು ಮಾತ್ರ ಊರಿಗೆಲ್ಲ ಕೇಳುವಂತೆ ಹೇಳುವರು. ಮನುಷ್ಯರ ಗುಟ್ಟು? ಊಹುಂ.

ಅವರ ಕಿವಿಗೆ ಹಾಕಿದ್ದು ಹಾಳುಬಾವಿಗೆ ಹಾಕಿದಂಗೆ ಎನ್ನುತ್ತಿದ್ದರು ಹೆಂಗಸರು. ಅದಕ್ಕೇ ಅಕ್ಕಪಕ್ಕದ ಊರುಗಳಿಂದಲೂ ಅವರಲ್ಲಿಗೇ ಬರುವರು. ನಮ್ಮ ಶಾಲೆಯ ಜವಾನನಿಗೆ ಜ್ವರ ಬಂದು ಮಲಗಿದ್ದಾಗ, ಡೆಂಗೀನಾ ಸಾರ್ ಎಂದು ಸುಮ್ಮನೆ ಕಾಳಜಿಗೆ ಕೇಳಿದೆ. “ಅವ್ರನ್ನೇ ಕೇಳ್ರಿ” ಎಂದರು. ಎಲಾ ಇವರ, ಜ್ವರದಲ್ಲೂ ಗುಟ್ಟೇ? ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು, ಮೇಲೆ ಒಂದು ಲೋಟ ಟೀ. ನನಗೆ ರೇಗುತ್ತಿತ್ತು.

ಅವರ ಕೋಣೆಯಲ್ಲಿ ಒಂದು ಹಳೆಯ ರೇಡಿಯೋ ಇತ್ತು. ಹೊರಗೆ ಬೆಂಚಿನ ಮೇಲೆ ಸರದಿ ಕಾಯುವವರಿಗೆ ಒಳಗಿನ ಮಾತು ಕೇಳಿಸಬಾರದೆಂದು ಅದನ್ನು ಹಾಕಿಡುತ್ತಿದ್ದರು. ಕೆಮ್ಮು ನೆಗಡಿಗೆ ಸಣ್ಣಗೆ, ಯಾರಾದರೂ ಕಣ್ಣೀರು ಹಾಕಿದರೆ ಜೋರಾಗಿ. ಪಾಪ, ಅವರ ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಜನ ಬಿಟ್ಟಾರೆಯೇ! ರೇಡಿಯೋ ಜೋರಾದಷ್ಟೂ ಒಳಗಿನ ವಿಷಯ ದೊಡ್ಡದು ಎಂದು ಅರ್ಥ ಮಾಡಿಕೊಂಡುಬಿಟ್ಟಿದ್ದರು. “ಇವತ್ತು ಕೃಷಿರಂಗ ಆಚೆ ಓಣಿಗೂ ಕೇಳ್ತಿತ್ತು ಕಣೇ, ಗೌಡ್ರ ಸೊಸೆ ಒಳಗಿದ್ಲು” ಎಂದು ನೀರಿನ ಟ್ಯಾಂಕಿನ ಹತ್ತಿರ ಮಾತಾಗುತ್ತಿತ್ತು. ಇದು ಇಡೀ ಊರಿಗೆ ಗೊತ್ತು, ಡಾಕ್ಟರೊಬ್ಬರನ್ನು ಬಿಟ್ಟು.

ಇನ್ನು ಆ ಹುಡುಗಿ… ಅವಳ ಹೆಸರೂ ಬೇಡ. ಅವಳನ್ನು ಕೇಳಿ, ಅವಳು ಒಪ್ಪಿದಷ್ಟನ್ನೇ ಬರೆಯುತ್ತಿದ್ದೇನೆ. ಎಂಟನೇ ಕ್ಲಾಸು. ಅಪ್ಪ ಅಮ್ಮ ಕುರಿ ಮೇಯಿಸುವವರು, ಹಿಂಡು ಹೊಡೆದುಕೊಂಡು ಹಿರಿಯೂರು ಸೀಮೆಯ ಕಡೆ ಹೋದರೆ ತಿಂಗಳುಗಟ್ಟಲೆ ಊರ ಕಡೆ ತಲೆ ಹಾಕುತ್ತಿರಲಿಲ್ಲ. ಮಗಳೊಬ್ಬಳಾದರೂ ಓದಲಿ ಎಂದು ತಾಯಿ ತನ್ನ ಅಣ್ಣನ ಮನೆಯಲ್ಲಿ ಬಿಟ್ಟಿದ್ದಳು. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಬರುತ್ತಿದ್ದಳು. ಒಂದು ದಿನ ಬೋರ್ಡಿನ ಮೇಲಿನ ಚಿತ್ರ ಬರೆದುಕೊಳ್ಳಿ ಎಂದರೆ ಪೆನ್ಸಿಲ್ ಹಿಡಿಯಲಾರದೆ ಸುಮ್ಮನೆ ಕೂತಿದ್ದಳು. ತೋಳು ಸರಿಸಿ ನೋಡಿದೆ. ಸುಟ್ಟ ಗಾಯ. ಅದರ ಪಕ್ಕದಲ್ಲಿ ಹಳೆಯದೊಂದು, ಆಗಲೇ ಮಾಗಿದ್ದು.

“ಗಂಜಿ ಚೆಲ್ತು ಮಿಸ್” ಎಂದಳು. ನಾನು ಕೇಳುವ ಮೊದಲೇ ಹೇಳಿದಳು.

ಹೆಡ್‌ಮಾಸ್ಟರರ ಹತ್ತಿರ ಹೋದೆ. “ನಮಗ್ಯಾಕ್ರೀ ಮೇಡಂ ಊರ ಉಸಾಬರಿ? ಬೇಕಾದ್ರೆ ಪಂಚಾಯ್ತಿ ಸಮಿತಿಗೆ ಹೇಳ್ರಿ” ಎಂದರು. ಹೌದು, ಮಕ್ಕಳ ರಕ್ಷಣೆಗೆಂದು ಪಂಚಾಯಿತಿಯಲ್ಲಿ ಒಂದು ಸಮಿತಿ ಇತ್ತು. ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ ಅದರಲ್ಲಿ ಸದಸ್ಯ. ಆ ಅಧ್ಯಕ್ಷ ಯಾರು? ಇದೇ ಹುಡುಗಿಯ ಸೋದರಮಾವ. ಸಮಿತಿಗೆ ಹೇಳುವುದೂ ಒಂದೇ, ಅವನ ಮನೆ ಬಾಗಿಲು ತಟ್ಟಿ ಹೇಳುವುದೂ ಒಂದೇ. ಕುರಿ ಕಾಯಲು ತೋಳನನ್ನು ಇಟ್ಟಂತೆ ಎಂದು ಗಾದೆ ಹೇಳುವುದು ಬೇಡ, ಏಕೆಂದರೆ ಇಲ್ಲಿ ತೋಳನನ್ನು ಕುರ್ಚಿ ಹಾಕಿ ಕೂರಿಸಿದ್ದರು.

ಕೊನೆಗೆ ಆಸ್ಪತ್ರೆಗೆ ಹೋದೆ. ಹುಡುಗಿಯ ಗಾಯಕ್ಕೆ ಯಾರೋ ಚೆನ್ನಾಗಿ ಪಟ್ಟಿ ಕಟ್ಟಿದ್ದರು. ಅದು ಇವರದೇ ಕೈ ಎಂದು ನನಗೆ ಅನುಮಾನವಿರಲಿಲ್ಲ.

“ಸಾರ್, ಆ ಹುಡುಗಿ ನಿಮ್ಮತ್ರ ಬಂದಿದ್ಲಾ?”

“ಕುಂತ್ಕಳ್ರಿ ಮೇಡಂ. ಟೀ ತರಿಸ್ತೀನಿ.”

“ಟೀ ಬೇಡ. ಬಂದಿದ್ಲಾ ಇಲ್ವಾ?”

“ಬಂದಿದ್ರೂ ಹೇಳಲ್ಲ, ಬರದಿದ್ರೂ ಹೇಳಲ್ಲ” ಎಂದರು.

ನನಗೆ ತಡೆಯಲಾಗಲಿಲ್ಲ. “ನಿಮ್ಮತ್ರ ಅರ್ಧ ಐತೆ, ನನ್ನತ್ರ ಅರ್ಧ ಐತೆ ಸಾರ್. ಇಬ್ರೂ ಅವರವರ ಅರ್ಧಕ್ಕೆ ಬೀಗ ಹಾಕ್ಕಂಡು ಕುಂತ್ರೆ ಆ ಮಗು ಸತ್ತೋಗ್ತೈತೆ. ಆಮೇಲೆ ನಿಮ್ ಗುಟ್ಟು ತಗಂಡು ಉಪ್ಪಿನಕಾಯಿ ಹಾಕ್ರಿ” ಎಂದು ಕೂಗಾಡಿದೆ. ಅವರು ರೇಡಿಯೋದ ಕಡೆ ಕೈ ಚಾಚಿ ಜೋರು ಮಾಡಿದರು. ನನ್ನ ಕೂಗಾಟ ಹೊರಗೆ ಕೇಳಬಾರದು ಎಂದು! ಮತ್ತೆ ಸಣ್ಣ ದನಿಯಲ್ಲಿ ಹೇಳಿದರು: “ಹೊಳಲ್ಕೆರೆ ಕಡೆ ಇದ್ದಾಗ ಒಬ್ಬ ಹೆಣ್ಮಗಳ ವಿಷ್ಯ ಒಬ್ರಿಗೆ ಹೇಳಿದ್ದೆ ಮೇಡಂ. ಒಬ್ರಿಗೇ. ದೊಡ್ಡ ಮನುಷ್ಯ್ರು. ಸಂಜಿಗೆ ಬಸ್‌ಸ್ಟ್ಯಾಂಡ್ ಹೋಟ್ಲಾಗೆ ಅದೇ ಮಾತು. ಆ ಹುಡುಗಿ…” ರೇಡಿಯೋದ ಗುಂಡಿಯನ್ನು ಇನ್ನಷ್ಟು ತಿರುಗಿಸಿದರು. “ಹೇಳಾಕೆ ನಂಗೆ ಹೆದರಿಕೆ ಇಲ್ಲ. ಕೇಳಿಸ್ಕಂಡೋರು ಅದನ್ನ ಏನ್ ಮಾಡ್ತಾರೆ ಅನ್ನಾದೇ ಹೆದರಿಕೆ” ಎಂದರು. ನಾನು ಟೀ ಕುಡಿಯದೆ ಎದ್ದು ಬಂದೆ. ಮನೆಗೆ ಬಂದು ಪಾತ್ರೆಗಳನ್ನೆಲ್ಲ ಸದ್ದು ಮಾಡಿ ತೊಳೆದೆ.

ಆ ವಾರವೇ ಡಾಕ್ಟರು ಸಿಸ್ಟರನ್ನು ಕರೆದುಕೊಂಡು ಶಾಲೆಗೆ ಬಂದರು. ಆರೋಗ್ಯ ತಪಾಸಣೆ ಎಂದರು. ಇದ್ದಕ್ಕಿದ್ದಂತೆ ಏನು ಸಾರ್ ಎಂದು ಹೆಡ್‌ಮಾಸ್ಟರರು ಕೇಳಿದರೆ, “ಮೇಲಿಂದ ಆರ್ಡರ್” ಎಂದರು. ಮೇಲಿಂದ ಯಾವ ಆರ್ಡರೂ ಬಂದಿರಲಿಲ್ಲ. ಒಬ್ಬ ಹುಡುಗಿಯನ್ನು ಕರೆಸಿದರೆ ಎಲ್ಲರ ಕಣ್ಣೂ ಅವಳ ಮೇಲೆ ಬೀಳುತ್ತದೆಂದು ಆ ಮನುಷ್ಯ ಶಾಲೆಯ ಅಷ್ಟೂ ಮಕ್ಕಳ ಹಲ್ಲು, ಕಿವಿ, ತೂಕ ನೋಡುತ್ತಾ ಬೆಳಗಿನಿಂದ ಕೂತರು. ಲ್ಯಾಬಿನ ಕೋಣೆಯಲ್ಲಿ ಪರದೆ ಕಟ್ಟಿಸಿಕೊಂಡಿದ್ದರು. ಪಕ್ಕದಲ್ಲಿ ಆ ರೇಡಿಯೋ!

“ಸಾರ್, ಇದನ್ನ ಮಾತ್ರ ಹಾಕಬೇಡ್ರಿ” ಎಂದೆ.

“ಯಾಕೆ? ಆಚೆ ಕೇಳಿಸಬಾರ್ದು ಅಂತ ಅಲ್ವಾ?”

“ಜೋರು ಮಾಡಿದ್ರೆ ಒಳಗೆ ಏನೋ ನಡೀತೈತೆ ಅಂತ ಊರಿಗೆಲ್ಲ ಗೊತ್ತಾಗ್ತೈತೆ. ನಿಮ್ ಆಸ್ಪತ್ರೇಲೂ ಅಷ್ಟೇ.”

ಡಾಕ್ಟರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. “ಎಷ್ಟು ವರ್ಷದಿಂದ?” ಎಂದರು. ನೀವು ಬಂದಾಗಿನಿಂದಲೂ ಎಂದೆ. “ಯಾ ಅಲ್ಲಾ!” ಎಂದು ಹಣೆ ಹಿಡಿದುಕೊಂಡು ಕೂತರು. ನಗು ತಡೆಯಲು ನಾನು ಹೊರಗೆ ಹೋಗಿ ಮಕ್ಕಳನ್ನು ಸಾಲು ನಿಲ್ಲಿಸಿದೆ.

ಆ ಹುಡುಗಿಯ ಸರದಿ ಬಂದಾಗ ಪರದೆಯ ಹಿಂದೆ ಬಹಳ ಹೊತ್ತಾಯಿತು. ಸಿಸ್ಟರು ಒಳಗಿದ್ದು ಆಮೇಲೆ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಹುಡುಗಿ ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಡಾಕ್ಟರು ನನ್ನನ್ನು ಕರೆದರು. “ನಿಮ್ಗೆ ಹೇಳ್ತೀನಿ ಅಂತ ಅವಳಿಗೆ ಹೇಳೀನಿ. ದುರ್ಗದಾಗೆ ಒಬ್ರಿಗೆ ಹೇಳ್ತೀನಿ ಅಂತನೂ ಹೇಳೀನಿ. ಒಪ್ಪಿದ್ಲು. ಬಿದ್ದ ಗಾಯ ಅಲ್ಲ, ಗಂಜಿನೂ ಅಲ್ಲ. ಕಾದ ಸೌಟು. ಮಾವನ ಕೈ. ಈಗ ನೀವು ಕಂಡದ್ದು ಹೇಳ್ರಿ” ಎಂದರು. ನಾನು ಹೇಳಿದೆ. ಅಮ್ಮನನ್ನು ನೋಡಲು ಹಿರಿಯೂರಿಗೆ ಹೋಗಿದ್ದಾಳೆ ಎಂದು ಮನೆಯವರು ಹೇಳಿ ಕಳಿಸಿದ ರಜೆಗಳಿಗೂ, ಅವರು ಪಟ್ಟಿ ಕಟ್ಟಿದ ದಿನಗಳಿಗೂ ತಾಳೆಯಾಯಿತು. ನಾನು ಬರೀ ರಜೆ ಎಂದುಕೊಂಡದ್ದು, ಅವರು ಬಿದ್ದ ಗಾಯ ಇರಬಹುದೇನೋ ಎಂದುಕೊಂಡದ್ದು, ಎರಡೂ ಸೇರಿದಾಗ ಬೇರೆಯೇ ಆಯಿತು.

“ಇನ್ನೇನಾರ ಹೇಳಿದ್ಲಾ ಸಾರ್?” ಎಂದೆ.

“ಹೇಳಿದ್ಲು. ಅವಳನ್ನ ಆ ಮನೆಯಿಂದ ಬಿಡಿಸಾಕೆ ಎಷ್ಟು ಬೇಕೋ ಅಷ್ಟು ನಿಮ್ಗೆ ಹೇಳೀನಿ. ಮಿಕ್ಕಿದ್ದು ಅವಳದು.”

ನನಗೆ ಮತ್ತೆ ರೇಗಿತು. ಇಷ್ಟಾದ ಮೇಲೂ ಗುಟ್ಟೇ? ಆದರೆ ಆ ಸಲ ಬಾಯಿ ಮುಚ್ಚಿಕೊಂಡೆ.

ದುರ್ಗಕ್ಕೆ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಹೋದೆವು. ಒಟ್ಟಿಗೆ ಹತ್ತಿದರೆ ಹೊಸದುರ್ಗ ದಾಟುವುದರೊಳಗೆ ಊರಲ್ಲಿ ಇನ್ನೊಂದು ಕತೆ ಹುಟ್ಟುತ್ತಿತ್ತು. ಮಕ್ಕಳ ವಿಷಯ ನೋಡುವ ಕಚೇರಿಯ ಅಧಿಕಾರಿಣಿ ಒಳ್ಳೆಯ ಹೆಣ್ಣುಮಗಳು, ಗಮನವಿಟ್ಟು ಕೇಳಿದರು. ಹುಡುಗಿಯ ಹೆಸರಾಗಲಿ ನಮ್ಮ ಹೆಸರಾಗಲಿ ಎಲ್ಲೂ ಬರಬಾರದು ಎಂದು ಡಾಕ್ಟರು ಒಂದಲ್ಲ ಹತ್ತು ಸಲ ಹೇಳಿದರು. “ಖಂಡಿತ ಸಾರ್, ಅದು ಕಾನೂನೇ ಅಲ್ವಾ” ಎಂದರು ಆಕೆ. ಕೆಲಸವೂ ಹಾಗೆಯೇ ಆಯಿತು. ಜೀಪು ಬಂತು, ಹುಡುಗಿಯನ್ನು ಕರೆದುಕೊಂಡು ಹೋದರು. ಅಪ್ಪ ಅಮ್ಮನನ್ನು ಹುಡುಕಿ ಕರೆಸಿದರು. ಮಾವನ ಮೇಲೆ ಕೇಸಾಯಿತು. ಹುಡುಗಿಗೆ ಹೊಸದುರ್ಗದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು, ಅಲ್ಲೇ ಶಾಲೆಗೆ ಸೇರಿದಳು. ಯಾರು ಹೇಳಿದ್ದು ಎಂಬುದು ಮಾತ್ರ ಊರಿಗೆ ಗೊತ್ತಾಗಲಿಲ್ಲ. ನಮ್ಮ ಊರಿನಲ್ಲಿ ಒಂದು ವಿಷಯ ಯಾರಿಗೂ ಗೊತ್ತಾಗಲಿಲ್ಲ ಎಂದರೆ ಅದೊಂದು ಪವಾಡ.

ಹಾಸ್ಟೆಲಿಗೆ ನಾನು ಆಗಾಗ ಹೋಗಿ ಬರುತ್ತಿದ್ದೆ. ಸ್ವೆಟರ್ ಬಿಟ್ಟಿದ್ದಳು. ಒಮ್ಮೆ, “ಮಿಸ್, ನಾನು ನರ್ಸ್ ಆಗ್ಬೌದಾ?” ಎಂದು ಕೇಳಿದಳು. ಯಾಕಾಗಬಾರದು, ಮೊದಲು ಲೆಕ್ಕದಲ್ಲಿ ಪಾಸಾಗು ಎಂದು ಗದರಿದೆ. ಖುಷಿಗೆ ಗದರಿದ್ದು ಅದು.

ಅಲ್ಲಿಗೆ ನಿಂತಿದ್ದರೆ…

ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಅದೇ ನನ್ನ ಹೊಟ್ಟೆಯುರಿ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆ ಅಧಿಕಾರಿಣಿ ಯಾವುದೋ ಸಭೆಯಲ್ಲಿ, ನಮ್ಮ ಜಿಲ್ಲೆಯಲ್ಲಿ ಇಂಥ ಡಾಕ್ಟರೂ ಇದ್ದಾರೆ ಎಂದು ಅಭಿಮಾನದಿಂದ ಹೇಳಿದರಂತೆ. ಅದನ್ನು ಕೇಳಿದ ತಾಲ್ಲೂಕಿನವರೊಬ್ಬರು ಹೊಸದುರ್ಗದ ಒಂದು ಸಂಘದವರಿಗೆ ಹೇಳಿದರಂತೆ. ಸಂಘದವರು ಮಕ್ಕಳ ದಿನಾಚರಣೆಗೆ ಯಾರಿಗೆ ಸನ್ಮಾನ ಮಾಡೋಣ ಎಂದು ಹುಡುಕುತ್ತಿದ್ದರು. ನಮ್ಮಲ್ಲಿ ಒಂದು ಮೈಕು, ಒಂದು ಶಾಮಿಯಾನ ಇದ್ದರೆ ಸಾಕು, ಯಾರಿಗಾದರೂ ಶಾಲು ಹೊದಿಸದೆ ಜನರಿಗೆ ಉಂಡ ಅನ್ನ ಜೀರ್ಣವಾಗುವುದಿಲ್ಲ. ಮಕ್ಕಳ ಕಾರ್ಯಕ್ರಮ, ಡಾಕ್ಟರೇ ಅತಿಥಿ ಎಂದಷ್ಟೇ ಹೇಳಿ ಕರೆಸಿಕೊಂಡರು. ನಮ್ಮ ಶಾಲೆಯ ಮಕ್ಕಳ ಕೋಲಾಟ ಇತ್ತು, ನಾನೂ ಹೋಗಿದ್ದೆ.

ನಿರೂಪಕ ಕಾಲೇಜಿನ ಮೇಷ್ಟರು, ಮೈಕು ಸಿಕ್ಕಿದರೆ ಬಿಡುವವರಲ್ಲ. “ಮಾವನ ಮನೆಯಲ್ಲಿ ಕಾದ ಸೌಟಿನ ಬರೆ ತಿಂದು ನರಕ ಅನುಭವಿಸುತ್ತಿದ್ದ ಕುರಿಗಾಹಿ ದಂಪತಿಗಳ ಪುತ್ರಿ, ಎಂಟನೇ ತರಗತಿಯ ಬಾಲಕಿಯ ಬಗ್ಗೆ ಅತ್ಯಂತ ಗೌಪ್ಯವಾಗಿ ಮಾಹಿತಿ ನೀಡಿ…” ಎಂದು ಊರಿನ ಹೆಸರು ಸಮೇತ ಶುರು ಮಾಡಿದರು. ಅತ್ಯಂತ ಗೌಪ್ಯವಾಗಿ! ಎರಡು ಕಡೆ ಕಟ್ಟಿದ್ದ ಲೌಡ್‌ಸ್ಪೀಕರಿನಲ್ಲಿ! ವೇದಿಕೆಯ ಮೇಲೆ ಡಾಕ್ಟರು ಎದ್ದು ನಿಂತು ಎರಡೂ ಕೈ ಆಡಿಸುತ್ತಾ, “ಬೇಡ್ರಿ, ಬೇಡ್ರಿ, ನಿಲ್ಲಿಸ್ರಿ” ಎಂದರು. ಜನ ಚಪ್ಪಾಳೆ ತಟ್ಟಿದರು. “ನೋಡಿ, ಎಂಥ ಸರಳ ಜೀವಿ! ಪ್ರಚಾರವೇ ಬೇಡ ಎನ್ನುತ್ತಾರೆ!” ಎಂದರು ನಿರೂಪಕರು. ನಾನು ಎದ್ದು, “ಮೈಕ್ ಆಫ್ ಮಾಡ್ರೀ” ಎಂದು ಕೂಗಿದೆ. ಪಕ್ಕದವರು, “ಕುಂತ್ಕಳ್ರಿ ಮೇಡಂ, ಕಾಣಲ್ಲ” ಎಂದು ಸೆರಗು ಹಿಡಿದು ಜಗ್ಗಿದರು. ಅಷ್ಟರಲ್ಲಿ ಇಬ್ಬರು ಡಾಕ್ಟರ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಮಡಿಲಿಗಿಟ್ಟರು. ಪೇಟ ದೊಡ್ಡದಾಗಿ ಕಿವಿಯವರೆಗೂ ಇಳಿದಿತ್ತು. ಫೋಟೋದಲ್ಲಿ ಅವರ ಬಾಯಿ ತೆರೆದಿದೆ. ನಗುತ್ತಿದ್ದಾರೆ ಎಂದುಕೊಳ್ಳುತ್ತಾರೆ ನೋಡಿದವರು. ಅವರು ಬೇಡ ಎನ್ನುತ್ತಿದ್ದರು.

ಆ ಫೋಟೋ ನಾವು ಊರು ಮುಟ್ಟುವ ಮೊದಲೇ ಊರು ಮುಟ್ಟಿತ್ತು. ವಾಟ್ಸಾಪಿಗೆ ಬಸ್ಸು ಬೇಕೇ? ಮಾರನೆಯ ದಿನ, ಜಾಮೀನಿನ ಮೇಲೆ ಹೊರಗಿದ್ದ ಆ ಮಾವ ಆಸ್ಪತ್ರೆಯ ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದ. ಅದಕ್ಕೆ ಡಾಕ್ಟರು ಹೆದರಲಿಲ್ಲ. ಹೆದರಿಸಿದ್ದು ಅವನ ಬೈಗುಳವಲ್ಲ, ಖಾಲಿ ಬೆಂಚು. ಹೆಂಗಸರು ಬರುವುದನ್ನು ಬಿಟ್ಟರು. “ಇವತ್ತು ಅವಳ್ದು ಹೇಳ್ದೋರು ನಾಳೆ ನಮ್ದು ಹೇಳಲ್ಲ ಅಂತ ಏನ್ ಗ್ಯಾರಂಟಿ?” ಎಂದು ನನ್ನ ಮನೆಗೆ ಹಾಲು ಹಾಕುವಾಕೆಯೇ ಕೇಳಿದಳು. ಅವರಲ್ಲ ಕಣೇ ಮೈಕಿನಲ್ಲಿ ಹೇಳಿದ್ದು ಎಂದರೆ, “ಯಾರಾದ್ರೇನು ಬಿಡ್ರಿ, ಹೊರಗೆ ಬಂತಲ್ಲ” ಎಂದಳು. ಬಸುರಿಯರು ಕೂಡ ಬಸ್ಸು ಹತ್ತಿ ಹೊಳಲ್ಕೆರೆಗೆ ಹೋಗತೊಡಗಿದರು.

ಅದೆಲ್ಲ ಹೋಗಲಿ. ಹುಡುಗಿ? ಹಾಸ್ಟೆಲಿನ ಮಕ್ಕಳ ಕೈಗೂ ಆ ಫೋಟೋ, ಕೆಳಗಿನ ಬರಹ ಸಮೇತ, ಸಿಕ್ಕಿತು. ಕುರಿಗಾಹಿಗಳ ಮಗಳು, ಎಂಟನೇ ಕ್ಲಾಸು, ಆ ಊರು. ಇನ್ನೇನು ಉಳಿಯಿತು? ಸೌಟು ಸೌಟು ಎಂದು ಕರೆಯಲು ಶುರು ಮಾಡಿದವಂತೆ. ಮಕ್ಕಳಿಗೇನು ಗೊತ್ತು ಎನ್ನುವುದು ದೊಡ್ಡವರ ಮಾತು. ಒಂದು ವಾರದೊಳಗೆ ತಾಯಿ ಬಂದು ಟ್ರಂಕು ಹೊರಿಸಿಕೊಂಡು ಕರೆದುಕೊಂಡು ಹೋದಳು. ಅಷ್ಟು ಜೋಪಾನವಾಗಿ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಒಂದು ಭಾನುವಾರ ಡಾಕ್ಟರು ನಮ್ಮ ಮನೆ ಬಾಗಿಲಿಗೆ ಬಂದು, “ಹೋಗಾಣ ಬರ್ರಿ ಮೇಡಂ” ಎಂದರು. ಎಲ್ಲಿಗೆ ಎಂದು ಕೇಳಲಿಲ್ಲ. ಆ ಸಲ ಒಂದೇ ಬಸ್ಸು ಹತ್ತಿದೆವು, ಇನ್ನು ಯಾರಿಗೆ ಹೆದರಬೇಕು? ಹಿರಿಯೂರಿನ ಹತ್ತಿರ ಆದಿವಾಲದ ಕಡೆ ಕೊಯ್ಲಾದ ಹೊಲವೊಂದರಲ್ಲಿ ಹಿಂಡು ಬಿಟ್ಟಿದ್ದರು. ಹುಡುಗಿ ತಲೆಗೆ ಟವೆಲ್ ಸುತ್ತಿಕೊಂಡು ಬೇಲಿಯ ಹತ್ತಿರ ನಿಂತಿದ್ದಳು, ನಮ್ಮನ್ನು ನೋಡಿಯೂ ಹತ್ತಿರ ಬರಲಿಲ್ಲ. ತಾಯಿ ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟಳು. ಶಾಲೆಗೆ ಕಳಿಸಮ್ಮ, ಹೊಸದುರ್ಗ ಬೇಡವಾದರೆ ದುರ್ಗದಲ್ಲಿ ಸೇರಿಸೋಣ ಎಂದು ಡಾಕ್ಟರು ಎಷ್ಟೋ ಹೇಳಿದರು.

“ನೀವು ಒಳ್ಳೇರೇ ಡಾಕ್ಟ್ರೇ. ನನ್ ಮಗಳ ಜೀವ ಉಳಿಸಿದ್ರಿ, ಇಲ್ಲ ಅನ್ನಲ್ಲ. ಆದ್ರೆ ಮೈಕ್‌ನಾಗೆ ಹೇಳಿಬಿಟ್ರಲ್ಲ. ನಾಳಿಕ್ಕೆ ಇವ್ಳನ್ನ ಯಾರ ಮನೀಗೆ ಕೊಡ್ಲಿ? ಇಲ್ಲಾದ್ರೆ ಕುರಿ ಅವೆ, ಕುರಿ ಯಾರಿಗೂ ಹೇಳಲ್ಲ” ಎಂದಳು ತಾಯಿ.

ನಾನು ಹೇಳಿದ್ದಲ್ಲ ಎಂದು ಡಾಕ್ಟರು ಒಂದು ಮಾತು ಆಡಬಹುದಿತ್ತು. ನಾನೇ ಹೇಳಲು ಬಾಯಿ ತೆರೆದೆ, ಅವರು ಕೈ ಅಡ್ಡ ಹಿಡಿದು ತಡೆದರು. ಎದ್ದು ಬೇಲಿಯ ಹತ್ತಿರ ಹೋಗಿ ಹುಡುಗಿಯ ಮುಂದೆ ನಿಂತರು. “ತಪ್ಪಾಯ್ತಮ್ಮ” ಎಂದದ್ದು ಮಾತ್ರ ನನಗೆ ಕೇಳಿಸಿತು. ಅವಳು ನೆಲ ನೋಡುತ್ತಾ ನಿಂತಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಸಂಘದವರನ್ನು, ಅಧಿಕಾರಿಣಿಯನ್ನು, ಆ ನಿರೂಪಕನನ್ನು, ಕೊನೆಗೆ ಮೈಕು ಕಂಡುಹಿಡಿ­ದವನನ್ನೂ ಬೈದೆ. ಅವರು ಕೇಳಿಸಿಕೊಂಡರು. “ಬೈದು ಮುಗೀತಾ ಮೇಡಂ?” ಎಂದರು. “ಹೇಳಿದ್ದು ತಪ್ಪಲ್ಲ. ನಾಳೆ ಇನ್ನೊಂದು ಮಗು ಬಂದ್ರೆ ನಾನು ಮತ್ತೆ ಹೇಳೋನೇ. ನೀವೂ ಹೇಳ್ರಿ. ಕೈಯಿಂದ ಕೈಗೆ ಕೊಡಾದು ಅದು. ನಮ್ ಜನ ಅದನ್ನ ಹಾರ ಹಾಕಿ ಮೆರವಣಿಗೆ ಮಾಡ್ತಾರೆ, ಅಷ್ಟೇ ತೊಂದ್ರೆ.”

ಆಮೇಲೆ ಅವರು ವರ್ಗ ಮಾಡಿಸಿಕೊಂಡು ದುರ್ಗಕ್ಕೆ ಹೋದರು. ನಿವೃತ್ತರಾದ ಮೇಲೆ ಮದಕರಿಪುರದ ದಾರಿಯಲ್ಲಿ ಸಣ್ಣ ಮನೆ ಮಾಡಿಕೊಂಡಿದ್ದರು. ಆ ಕಡೆ ಹೋದಾಗ ನೋಡಿ ಬರುತ್ತಿದ್ದೆ. ಹುಡುಗಿಯ ಬಗ್ಗೆ ನಾನು ಎತ್ತಿದರೆ, “ಚೆನ್ನಾಗಿರ್ಲಿ” ಎಂದು ಟೀ ತರಿಸುವರು. ಪರದೆಯ ಹಿಂದೆ ಅವಳು ಹೇಳಿದ್ದು ಏನಿತ್ತು ಎಂದು ನಾನು ಎಷ್ಟೋ ಸಲ ಬಾಯಿ ಬಿಡಿಸಲು ನೋಡಿದೆ. ಹೆಣ್ಣು ಬುದ್ಧಿಯಲ್ಲ, ಮನುಷ್ಯ ಬುದ್ಧಿ. ಆ ಹಾಳುಬಾವಿ ಮಿಸುಕಲಿಲ್ಲ.

ಈ ವರ್ಷ ಮಳೆಗಾಲಕ್ಕೆ ಮುಂಚೆ ತೀರಿಕೊಂಡರು. ನನಗೆ ತಿಳಿದದ್ದು ಹಳೆಯ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ. ಹಾಕಿದ್ದು ಯಾವ ಫೋಟೋ ಅಂತೀರಿ? ಅದೇ, ಪೇಟ ಕಿವಿಗೆ ಇಳಿದದ್ದು, ಬಾಯಿ ತೆರೆದದ್ದು. ಕೆಳಗೆ, ಕುರಿಗಾಹಿಯ ಮಗಳನ್ನು ಕಾಪಾಡಿದ ಮಹಾನುಭಾವ, ಓಂ ಶಾಂತಿ. ಅಯ್ಯೋ, ಆ ಮನುಷ್ಯನದು ಬೇರೊಂದು ಫೋಟೋ ಸಿಗಲಿಲ್ಲವೇ ಇವರಿಗೆ? ಸತ್ತ ಮೇಲಾದರೂ ಬಿಡಬಾರದೇ? ಅಳು ಬರಬೇಕಾದ ಕಡೆ ಸಿಟ್ಟು ಬಂತು. ಎರಡೂ ಒಟ್ಟಿಗೇ ಬಂದವು. ಗುಂಪಿನಿಂದ ಹೊರಗೆ ಬಂದೆ.

ಹೋದ ತಿಂಗಳು ಹಿರಿಯೂರಿನ ಆ ತರಬೇತಿಗೆ ನಾನು ಒಪ್ಪಿಕೊಂಡದ್ದಕ್ಕೆ ಇನ್ನೊಂದು ಕಾರಣವಿತ್ತು. ಹುಡುಗಿ ಈಗ ಹಿರಿಯೂರಿನಲ್ಲಿದ್ದಾಳೆ, ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು. ಡಾಕ್ಟರು ಹೋದ ವಿಷಯ ಅವಳಿಗೆ ಯಾರದೋ ಮೊಬೈಲಿನಿಂದ ತಿಳಿಯಬಾರದು ಎನ್ನಿಸಿತ್ತು. ಕಾರ್ಯಕ್ರಮ ಮುಗಿಸಿ, ಕೇಳುತ್ತಾ ಅಂಗಡಿ ಹುಡುಕಿದೆ. ನೋಡಿದ ಕೂಡಲೇ ಮಿಷನ್ ನಿಲ್ಲಿಸಿ ಎದ್ದಳು. ಬೆಳೆದಿದ್ದಾಳೆ. ಮದುವೆಯಾಗಿದೆ, ಒಂದು ಕೂಸು ಇದೆ. ಕುಳ್ಳಿರಿಸಿ, ಪಕ್ಕದ ಅಂಗಡಿಯಿಂದ ಟೀ ತರಿಸಿದಳು.

“ಡಾಕ್ಟ್ರು ಹೋಗಿಬಿಟ್ರು ಕಣಮ್ಮ” ಎಂದೆ.

ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಕೂತಳು. ನಾನು ಎಲ್ಲವನ್ನೂ ಹೇಳಿದೆ, ಮೈಕಿನಲ್ಲಿ ಹೇಳಿಸಿದ್ದು ಅವರಲ್ಲ ಎಂದೂ. “ಗೊತ್ತು ಮಿಸ್” ಎಂದಳು. “ಅವತ್ತು ಬೇಲಿ ತಾವ ಬಂದಾಗ್ಲೇ ಗೊತ್ತಾತು, ಅವ್ರು ಹೇಳಿರಲ್ಲ ಅಂತ. ಅಮ್ಮಂಗೆ ಹೇಳಿದ್ರೆ ಕೇಳ್ಲಿಲ್ಲ.”

ಆಮೇಲೆ ತಲೆಯೆತ್ತಿ ಕೇಳಿದಳು: “ಅವತ್ತು ಪರದೆ ಹಿಂದೆ ನಾನು ಅವ್ರತ್ರ ಇನ್ನೂ ಏನೇನೋ ಹೇಳ್ಕಂಡು ಅತ್ತಿದ್ದೆ ಮಿಸ್. ಅದನ್ನ ನಿಮ್ಗೆ ಹೇಳಿದ್ರಾ?”

“ಇಲ್ಲ.”

“ಬ್ಯಾರೆ ಯಾರಿಗಾರ?”

“ಯಾರಿಗೂ ಇಲ್ಲಮ್ಮ. ನಾನೇ ಎಷ್ಟು ಸಲ ಕೇಳಿದ್ರೂ ಹೇಳ್ಲಿಲ್ಲ.”

ತಲೆಯಾಡಿಸಿದಳು. ಕಣ್ಣು ತುಂಬಿತ್ತು. “ಹಂಗಾರೆ ಇನ್ಮ್ಯಾಲೆ ಅದು ನಂಗೊಬ್ಳಿಗೇ ಗೊತ್ತಿರಾದು” ಎಂದಳು.

ನನಗೆ ಹೇಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಆರಿಹೋಗಿದ್ದ ಟೀಯನ್ನು ಪೂರ್ತಿ ಕುಡಿದೆ.